ಟಗರು ಮೈ ಕೊಡವಿದ ದಿನ

ಒದ್ದೆ ಕಂಬಳಿಯ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಗೊತ್ತಿಲ್ಲದಿದ್ದರೆ ನೀವು ಸುಖವಾಗಿ ಬೆಳೆದವರು ಎಂದುಕೊಳ್ಳುತ್ತೇನೆ. ನನ್ನ ಸೊಸೆ ಅದನ್ನು ನಾತ ಎನ್ನುತ್ತಾಳೆ, ಸೆರಗನ್ನು ಮೂಗಿಗೆ ಒತ್ತಿಕೊಂಡು. ಅದರಲ್ಲಿ ಕುರಿಯ ವಾಸನೆ ಇದೆ, ಒಲೆಯ ಹೊಗೆ ಇದೆ, ನೂಲು ಗಟ್ಟಿಯಾಗಲೆಂದು ಬಳಿಯುವ ಹುಣಸೆಬೀಜದ ಗಂಜಿಯೂ ಇದೆ. ಕಂಬಳಿ ಎಷ್ಟೇ ಹಳೆಯದಾಗಲಿ, ನೀರು ಬಿದ್ದ ತಕ್ಷಣ ಎಲ್ಲವೂ ಎದ್ದು ಬರುತ್ತವೆ. ನಿನ್ನೆ ಸೇಲಂನಲ್ಲಿ ಹೇಳದೆ ಕೇಳದೆ ಮಳೆ ಹೊಯ್ದು, ಬಿಸಿಲಿಗೆಂದು ಮಹಡಿಯ ಮೇಲೆ ಹರವಿದ್ದ ನನ್ನ ಕಂಬಳಿ ತೊಯ್ದು ತೊಪ್ಪೆಯಾಯಿತು. ಅದನ್ನು ಹೆಗಲಿಗೆ ಹಾಕಿಕೊಂಡು, ಮಳೆಯನ್ನೂ ಸೊಸೆಯನ್ನೂ ಬೈದುಕೊಂಡು ಮೆಟ್ಟಿಲಿಳಿಯುತ್ತಿದ್ದಾಗ ಪಕ್ಕದ ಮನೆಯ ರೂತಮ್ಮ ಗೋಡೆಯಾಚೆಯಿಂದ ಕೂಗಿದಳು.

ರೂತಮ್ಮ ತಮಿಳಿನವಳು, ಕ್ರಿಸ್ತನವಳು, ಒಳ್ಳೆಯವಳು. ಮೊದಲ ಎರಡು ನನಗೆ ಅಭ್ಯಾಸವಾಗಿವೆ, ಮೂರನೆಯದನ್ನು ಸಹಿಸುವುದು ಕಷ್ಟ. ಅವಳ ಗಂಡನಿಗೆ ಲಕ್ವ ಹೊಡೆದು ಮಾತು ನಿಂತಿದೆ, ಒಂದು ಪಕ್ಕ ಬಿದ್ದುಹೋಗಿದೆ. ಅವನೊಬ್ಬನನ್ನೇ ಬಿಟ್ಟು ಹೋಗಲಾಗದೆ ಅವಳು ಚರ್ಚಿನ ಮುಖ ನೋಡಿ ಬಹಳ ಕಾಲವಾಯಿತು. ಆದರೂ ಕೇಳಿದರೆ, "ಕೈಬಿಡೋದಿಲ್ಲ ಅಂತ ಕರ್ತರು ಮಾತು ಕೊಟ್ಟಿದ್ದಾರಕ್ಕಾ" ಎನ್ನುತ್ತಾಳೆ. ಅವಳು ಅದನ್ನು ತಮಿಳಿನಲ್ಲಿ ಹೇಳುತ್ತಾಳೆ, ನಾನು ಕನ್ನಡ ಬೆರೆಸಿದ ತಮಿಳಿನಲ್ಲಿ ಹಂಗಿಸುತ್ತೇನೆ. ಕೆಲವು ದಿನದ ಹಿಂದೆ, "ಒಂದೇ ಒಂದು ಭಾನುವಾರ ನೀವು ಇವರ ಹತ್ತಿರ ಕೂತಿರ್ತೀರಾ? ಹೋಗಿ ಬಂದುಬಿಡ್ತೀನಿ" ಎಂದು ಕೇಳಿದ್ದಳು. "ಕೈಬಿಡೋಲ್ಲ ಅಂದವನೇ ಬಂದು ಒಂದು ಗಳಿಗೆ ಕೂತ್ಕೋಬಾರದೇನಮ್ಮಾ? ನೀನು ಹೋಗೋದು ಅವನ ಮನೆಗೇ ತಾನೆ?" ಎಂದಿದ್ದೆ. ಅವಳು ನಕ್ಕು ಒಳಗೆ ಹೋದಳು. ನನ್ನ ಮಾತು ನನಗೇ ಎಷ್ಟು ಹಿಡಿಸಿತೆಂದರೆ ಸೊಸೆಗೂ ಹೇಳಿದೆ, ಹಾಲಿನವಳಿಗೂ ಹೇಳಿದೆ.

ನಿನ್ನೆ ಅವಳು ಕೂಗಿದ್ದೂ ಅದನ್ನೇ ಕೇಳುವುದಕ್ಕೆ. "ಅಕ್ಕಾ, ಈ ಭಾನುವಾರ ನಮ್ಮ ಚರ್ಚಲ್ಲಿ ಸುಗ್ಗಿ ಹಬ್ಬ…" ಎಂದು ಶುರು ಮಾಡಿ ನಿಲ್ಲಿಸಿದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ಹೆಗಲ ಮೇಲೆ ಕಂಬಳಿ, ಮೂಗಿನಲ್ಲಿ ಆ ವಾಸನೆ, ಕಿವಿಯಲ್ಲಿ ಆ ಹಬ್ಬದ ಹೆಸರು. ಮೂರೂ ಒಟ್ಟಿಗೆ ಬಂದು ನನ್ನ ದೊಡ್ಡಪ್ಪನನ್ನು ಎಬ್ಬಿಸಿ ಕೂರಿಸಿದವು. "ಆಮೇಲೆ ಹೇಳ್ತೀನಿ" ಎಂದು ಗೊಣಗಿ ಒಳಗೆ ಬಂದೆ.

ದೊಡ್ಡಪ್ಪ ಅಂದರೆ ನಮ್ಮಪ್ಪನ ಅಣ್ಣ, ಕರಿಯಣ್ಣ. ಅವನು ಎಂದು ಬರೆಯುತ್ತಿದ್ದೇನೆಂದು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಮನೆಯ ದೊಡ್ಡವರಿಗೆ ಬಹುವಚನ ಹಚ್ಚಿದರೆ ಯಾರೋ ಹೊರಗಿನವರ ಮಾತು ಬಂತೆಂದು ಅವರೇ ತಿರುಗಿ ನೋಡುತ್ತಾರೆ. ಈ ಬರೆಯುವ ಕನ್ನಡ ನನಗೆ ಬಂದದ್ದೇ ಮದುವೆಯಾದ ಮೇಲೆ, ಕೋಲಾರದ ಕಡೆ ಗಂಡನ ಕೆಲಸವಿದ್ದಾಗ, ಪಕ್ಕದ ಮನೆಯ ಮೇಷ್ಟರ ಹೆಂಡತಿ ನನ್ನ ಕೈಹಿಡಿದು ತಿದ್ದಿಸಿದ್ದರಿಂದ. ಅಲ್ಲಿಯವರೆಗೆ ಕನ್ನಡ ನನಗೆ ಅನ್ನ ಕೇಳುವ, ಬೈಯುವ, ಕುರಿ ಕರೆಯುವ ಮಾತಾಗಿತ್ತು. ಬೈಯುವುದರಲ್ಲಿ ಮಾತ್ರ ನನಗೆ ಯಾರೂ ಏನೂ ಕಲಿಸಬೇಕಾಗಲಿಲ್ಲ.

ನಮ್ಮೂರು ಇದೇ ಸೇಲಂ ಸೀಮೆಯ ನಂಗವಳ್ಳಿಯ ಹತ್ತಿರ. ಸುತ್ತೆಲ್ಲ ತಮಿಳು, ನಮ್ಮವರ ಮನೆಗಳಲ್ಲಿ ಮಾತ್ರ ಕನ್ನಡ. ಕಲ್ಲು ಜಾಸ್ತಿ, ಮಣ್ಣು ಕಡಿಮೆ. ಕುರಿ ಕಾಯುವುದು, ತುಪ್ಪಟ ಕತ್ತರಿಸುವುದು, ನೂಲುವುದು, ಕಂಬಳಿ ನೇಯುವುದು, ಇಷ್ಟೇ ಬದುಕು. ಹೆಂಗಸರು ನೂಲುತ್ತಿದ್ದರು, ಗಂಡಸರು ನೇಯುತ್ತಿದ್ದರು. ಮೆಟ್ಟೂರಿನಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ ಅದು. ಊರಿನ ಎಷ್ಟೋ ಗಂಡಸರು ಅಲ್ಲಿಗೆ ಕಲ್ಲು ಹೊರಲು ಹೋಗಿ ಶನಿವಾರ ಸಂಜೆ ಬೀಡಿ ಸೇದುತ್ತ ದೊಡ್ಡ ಮನುಷ್ಯರಂತೆ ವಾಪಸು ಬರುತ್ತಿದ್ದರು. ದೊಡ್ಡಪ್ಪ ಮಾತ್ರ ಹೋಗಲಿಲ್ಲ. ಅವನಿಗೆ ಕುರಿ, ಮಗ್ಗ, ದೊಡ್ಡವ್ವ ಈ ಮೂರು ಸಾಕಾಗಿತ್ತು. ದೊಡ್ಡವ್ವನ ಹೆಸರು ಮಾದವ್ವ. ಮಕ್ಕಳಿರಲಿಲ್ಲ. ಅವಳು ನೂತ ಎಳೆಯನ್ನು ಅವನು ಬೆರಳಲ್ಲಿ ಹಿಡಿದು ನೋಡುತ್ತಿದ್ದ ರೀತಿ ನೋಡಿ ಊರ ಹೆಂಗಸರು ಮುಸಿಮುಸಿ ನಗುತ್ತಿದ್ದರು.

ಈಗ ನಮ್ಮವರ ಒಂದು ರೂಢಿ ಹೇಳಬೇಕು. ಅದಿಲ್ಲದೆ ಈ ಕತೆ ಮುಂದಕ್ಕೆ ಹೋಗುವುದಿಲ್ಲ. ಮನೆಯಲ್ಲಿ ಏನಾದರೂ ದೊಡ್ಡ ಕೆಲಸ ಮಾಡುವ ಮುಂಚೆ, ಹೆಣ್ಣು ಕೊಡುವುದಿರಲಿ, ಮಂದೆ ಬೇರೆ ಕಡೆ ಹೊಡೆಯುವುದಿರಲಿ, ಮನೆದೇವರು ಬೀರಪ್ಪನನ್ನು ಕೇಳುತ್ತೇವೆ. ಕೇಳುವುದು ಹೇಗೆಂದರೆ, ಒಂದು ಟಗರಿಗೆ ಹೂ ಹಾಕಿ, ಅರಿಶಿನದ ನೀರನ್ನು ಬೆನ್ನ ಮೇಲೆ ಹುಯ್ಯುವುದು. ಎಲ್ಲರೂ ಕೈಮುಗಿದು ನಿಲ್ಲುವುದು. ಟಗರು ತಲೆಯಿಂದ ಬಾಲದವರೆಗೆ ಮೈ ಕೊಡವಿತೋ, ದೇವರು ಒಪ್ಪಿದ ಎಂದು ಅರ್ಥ. ಬರೀ ಕಿವಿ ಆಡಿಸಿದರೆ ಲೆಕ್ಕಕ್ಕಿಲ್ಲ. ಕೊಡವದೆ ಸುಮ್ಮನೆ ನಿಂತರೆ ಮನೆಯಲ್ಲಿ ಯಾರದೋ ಹೊಟ್ಟೆಯಲ್ಲಿ ಏನೋ ಉರಿ ಇದೆ ಎಂದು ಲೆಕ್ಕ. ಆಗ ಯಾರಿಗೆ ಏನು ಕೋಪ ಎಂದು ಕೇಳಿ, ತಪ್ಪೊಪ್ಪಿಸಿ, ಮತ್ತೆ ಹುಯ್ಯುತ್ತಾರೆ. ತಣ್ಣೀರು ಬಿದ್ದರೆ ಯಾವ ಪ್ರಾಣಿಯಾದರೂ ಕೊಡವುತ್ತದೆ ಎಂದು ನಾನು ಒಮ್ಮೆ ಅಂದು ಅಮ್ಮನಿಂದ ಬೆನ್ನಿಗೆ ಗುದ್ದು ತಿಂದಿದ್ದೆ. ಆಗ ನಾನು ಮದುವೆಗೆ ಬಂದ ಹುಡುಗಿ. ಈ ಬಾಯಿ ಕಟ್ಟಿಕೊಂಡು ಯಾವ ಮನೆ ಸೇರುತ್ತೀಯೆ ಎಂದು ಅಮ್ಮ ದಿನಾ ಅಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ದೊಡ್ಡಪ್ಪ ಮಂದೆ ಹೊಡೆದುಕೊಂಡು ತೊಪ್ಪೂರಿನ ಕಣಿವೆಯ ಕಡೆ ಹೋದವನು ಅಲ್ಲೇ ಜ್ವರ ಬಿದ್ದು ಮಲಗಿದ. ಮಿಷನ್ನಿನ ಒಬ್ಬ ಉಪದೇಶಿ ಅವನನ್ನು ತನ್ನ ಜಗಲಿಗೆ ತಂದು ಮಲಗಿಸಿ ಗಂಜಿ ಕೊಟ್ಟ. ಗಂಜಿಯ ಜೊತೆಗೆ ಕತೆಯನ್ನೂ ಕೊಟ್ಟ. ಅದರಲ್ಲಿ ಒಂದು ಕತೆ ಹೀಗಿತ್ತು: ಯಾವುದೋ ಕಾಲದ ಒಬ್ಬ ರೈತ, ಅವನ ಹೆಸರು ನನ್ನ ಬಾಯಿಗೆ ಬರುವುದಿಲ್ಲ, ದೇವರು ಕೊಟ್ಟ ಮಾತು ನಿಜವೋ ಸುಳ್ಳೋ ನೋಡಬೇಕೆಂದು ಕಣದಲ್ಲಿ ಕುರಿಯ ತುಪ್ಪಟ ಹಾಸಿಟ್ಟನಂತೆ. ಇದರ ಮೇಲೆ ಮಾತ್ರ ಇಬ್ಬನಿ ಬೀಳಲಿ, ಸುತ್ತ ನೆಲ ಒಣಗಿರಲಿ ಎಂದನಂತೆ. ದೇವರು ಹಾಗೇ ಮಾಡಿ ತೋರಿಸಿದನಂತೆ. ಇದನ್ನು ಕೇಳಿ ದೊಡ್ಡಪ್ಪ ಜ್ವರದಲ್ಲೇ ಎದ್ದು ಕೂತನಂತೆ.

"ಕುರಿ ತುಪ್ಪಟದ ಮ್ಯಾಲೆ ಉತ್ರ ಕೊಡೋ ದೇವ್ರು ಕಣ್ಲಾ! ಇವ್ನು ನಮ್ಮೋನೇ!" ಎಂದು ಊರಿಗೆ ಬಂದು ನಮ್ಮಪ್ಪನ ಮುಂದೆ ಹೇಳಿದ. ಹೇಳುವ ಹೊತ್ತಿಗೆ ಕೆಲಸ ಮುಗಿದಿತ್ತು. ಉಪದೇಶಿ ಅವನನ್ನು ಕೆರೆಯಲ್ಲಿ ಮುಳುಗಿಸಿ ಎತ್ತಿ, ಯೇಸಡಿಯಾನ್, ಅಂದರೆ ಯೇಸುವಿನ ಆಳು, ಎಂದು ಹೆಸರಿಟ್ಟು ಕಳಿಸಿದ್ದ. ಜುಟ್ಟೂ ಹೋಗಿತ್ತು. ಅಪ್ಪ ಎದ್ದು ಹಟ್ಟಿಗೆ ಹೋದ. ನನ್ನನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಸುದ್ದಿ ಕೇಳಿ ಬರಲೇ ಇಲ್ಲ. ಅಲ್ಲಿಂದ ನನಗೆ ಆ ದೇವರ ಮೇಲೆ ಒಂದು ಸಿಟ್ಟು ಕೂತಿತು, ಸರಿಯಾಗಿ ಹೇಳಬೇಕೆಂದರೆ ಆ ಗಂಡು ನನಗೇನೂ ಬೇಕಿರಲಿಲ್ಲ, ಆದರೂ ಕೂತಿತು.

ದೊಡ್ಡವ್ವ ಕೂಗಾಡಲಿಲ್ಲ. ರಾತ್ರಿ ಅವನಿಗೆ ಮುದ್ದೆ ಬಡಿಸಿ, ಬೆಳಿಗ್ಗೆ ತನ್ನ ತಕಲಿಯನ್ನೂ ಎರಡು ಸೀರೆಯನ್ನೂ ಗಂಟು ಕಟ್ಟಿಕೊಂಡು ತೊಪ್ಪೂರಿನ ಹತ್ತಿರದ ತವರಿಗೆ ಹೊರಟುಹೋದಳು.

ಉಪದೇಶಿ ನಮ್ಮೂರಿಗೆ ಬಂದದ್ದು ಆಮೇಲೆ. ಬಿಳಿ ಕೋಟು, ಕೋಟಿನ ಕೆಳಗೆ ಪಂಚೆ, ಕೈಯಲ್ಲಿ ಕರಿ ಕೊಡೆ. ಬಿಸಿಲಲ್ಲೂ ಬಿಚ್ಚುತ್ತಿರಲಿಲ್ಲ, ಮಳೆಯಲ್ಲೂ ಬಿಚ್ಚುತ್ತಿರಲಿಲ್ಲ, ಮಕ್ಕಳನ್ನು ತೋರಿಸಿ ಗದರಿಸಲು ಮಾತ್ರ ಅದು ಬಳಕೆಯಾಗುತ್ತಿತ್ತು. ದೊಡ್ಡಪ್ಪ ಅವನ ಮುಂದೆ ಹೆಂಡತಿ ಹೋದಳೆಂದು ಅತ್ತ. ಉಪದೇಶಿ ತನ್ನ ವೇದ, ಅಂದರೆ ಬೈಬಲ್ಲು, ತೆಗೆದು, ನಂಬಿದವನೂ ಉಳಿಯುತ್ತಾನೆ, ಅವನ ಮನೆಯವರೂ ಉಳಿಯುತ್ತಾರೆ ಎನ್ನುವ ಅರ್ಥದ ಒಂದು ಮಾತನ್ನು ತಮಿಳಿನಲ್ಲಿ ಓದಿ, "ದೇವರು ಕೊಟ್ಟ ವಾಕ್ಕು. ಕಾತ್ತಿರು" ಎಂದ. ಕಾದಿರು ಎಂದರ್ಥ. ಅಷ್ಟು ಹೇಳಿ ಮಜ್ಜಿಗೆ ಕುಡಿದು ಹೊರಟ. ನನ್ನನ್ನು ಕೇಳಿದರೆ, ಮಾತು ಕೊಡುವುದಕ್ಕೆ ದೇವರಿಗೇನು ಖರ್ಚು, ಓದಿ ಹೇಳುವುದಕ್ಕೆ ಉಪದೇಶಿಗೇನು ಖರ್ಚು? ಕಾಯುವವನು ತಾನೇ ಕಾಯಬೇಕು.

ಕಾದ ನೋಡಿ ದೊಡ್ಡಪ್ಪ! ನಾಚಿಕೆ ಬಿಟ್ಟು ಕಾದ. ದಿನಾ ಸಂಜೆ ಬಾಗಿಲಲ್ಲಿ ದೊಡ್ಡವ್ವನ ಕಾಲು ತೊಳೆಯುವ ಚೊಂಬಿಗೆ ನೀರು ತುಂಬಿಡುತ್ತಿದ್ದ. ಬೆಳಿಗ್ಗೆ ಆ ನೀರನ್ನು ಕರುವಿಗೆ ಕುಡಿಸುತ್ತಿದ್ದ. ನೂಲುವವಳಿಲ್ಲದೆ ಮಗ್ಗ ಸುಮ್ಮನೆ ಬಿದ್ದಿತ್ತು. ನಮ್ಮಮ್ಮ ಕನಿಕರಪಟ್ಟು ನೂತು ಕೊಡುತ್ತೇನೆಂದರೆ ಬೇಡವೆಂದ. ಮಗ್ಗದ ಗುಂಡಿಯಲ್ಲಿ ಕೋಳಿ ಮೊಟ್ಟೆ ಇಡಲು ಶುರುಮಾಡಿತು.

"ದೊಡ್ಡಪ್ಪಾ, ಬತ್ತಾಳಾ?" ಎಂದು ನಾನು ಬೇಕೆಂದೇ ಕೇಳುತ್ತಿದ್ದೆ.

"ಬತ್ತಾಳೆ ಕೂಸೇ. ಮಾತು ಕೊಟ್ಟೈತೆ."

"ಯಾರು, ದೊಡ್ಡವ್ವಾನಾ?"

"ದೇವ್ರು."

"ದೇವ್ರು ದೊಡ್ಡವ್ವನ್ನ ಒಂದು ಮಾತು ಕೇಳವ್ನಾ?"

ಇದಕ್ಕೆ ಅವನು ಚೊಂಬು ಎತ್ತಿಕೊಂಡು ನೀರು ತುಂಬಿಸಲು ಹೋಗುತ್ತಿದ್ದ. ನಾನು ಗೆದ್ದೆನೆಂದು ಕುಣಿಯುತ್ತ ಮನೆಗೆ ಬರುತ್ತಿದ್ದೆ. ಊರಿಗೆ ಊರೇ ಅವನನ್ನು ಹೀಗೆ ಆಡಿಸುತ್ತಿತ್ತು. ಕಾಲುದಾರಿಯಲ್ಲಿ ಯಾವುದಾದರೂ ಸೀರೆ ಕಂಡರೆ ಸಾಕು, "ಲೇ ಯೇಸಡಿಯಾನ್, ಬಂದ್ಳು ನೋಡ್ಲಾ!" ಎಂದು ಕೂಗುತ್ತಿದ್ದರು. ಅವನು ಪ್ರತಿ ಸಲವೂ ಎದ್ದು ನೋಡುತ್ತಿದ್ದ. ಅದೇ ನಮಗೆ ಹೆಚ್ಚು ನಗು ತರುತ್ತಿದ್ದದ್ದು.

ಎರಡು ಸುಗ್ಗಿ ಕಳೆದ ಮೇಲೆ ದೊಡ್ಡವ್ವನ ಅಣ್ಣಂದಿರಿಂದ ಹೇಳಿಕೆ ಬಂತು. ಎಡಪ್ಪಾಡಿಯ ಕಡೆಯ, ಹೆಂಡತಿ ಸತ್ತ ಒಬ್ಬನಿಗೆ ಅವಳನ್ನು ಕೂಡಿಕೆ ಮಾಡಿಕೊಡುತ್ತೇವೆ, ಕರಿಯಣ್ಣ ಹತ್ತು ಜನರ ಮುಂದೆ ಕಡ್ಡಿ ಮುರಿದು ಬಿಟ್ಟುಕೊಡಬೇಕು ಎಂದು. ನಮ್ಮಲ್ಲಿ ಹಾಗೆ ಹುಲ್ಲುಕಡ್ಡಿ ಮುರಿದರೆ ಗಂಡಹೆಂಡಿರ ಸಂಬಂಧ ಮುಗಿಯಿತು. ಹೇಳಿಕೆ ತಂದವನ ಮುಂದೆ ದೊಡ್ಡಪ್ಪ, "ಸರಿ. ಬರೋ ಬಾನ್ವಾರ ಮಿಷನ್ ಕೋವಿಲ್ ತಾವ ಬರಾಕೆ ಯೋಳು. ಅವಳ್ನೂ ಕರ್ಕಂಡು ಬರ್ಲಿ. ಅಲ್ಲೇ ತೀರ್ಲಿ" ಎಂದ. ಆ ಭಾನುವಾರ ನಮ್ಮೂರಿಂದ ಎರಡು ಹರದಾರಿ ದೂರದ ಆ ಚರ್ಚಿನಲ್ಲಿ ಸುಗ್ಗಿ ಹಬ್ಬ.

ಅಪ್ಪ ಹೋಗುವುದಿಲ್ಲ ಎಂದು ಹಟ ಹಿಡಿದ. ಕೊನೆಗೆ ಅಮ್ಮ ಹೊರಟಳೆಂದು ತಾನೂ ಹೊರಟ. ನಾನು ನಗುವುದಕ್ಕೆಂದೇ ಹೊರಟೆ, ಸುಳ್ಳೇಕೆ ಹೇಳಲಿ.

ಸುಗ್ಗಿ ಹಬ್ಬದಲ್ಲಿ ಕ್ರಿಸ್ತನವರು ಬೆಳೆದದ್ದರಲ್ಲಿ ಒಂದು ಪಾಲು ತಂದು ಚರ್ಚಿನ ಮುಂದೆ ಇಡುತ್ತಾರೆ. ಆಮೇಲೆ ಅದನ್ನೆಲ್ಲ ಅಲ್ಲೇ ಏಲ ಹಾಕುತ್ತಾರೆ. ಕುಂಬಳಕಾಯಿ, ರಾಗಿ, ಕಾಲು ಕಟ್ಟಿದ ಕೋಳಿ, ಬೆಲ್ಲ. ತಾನು ಕೊಟ್ಟ ಕುಂಬಳಕಾಯಿಯನ್ನು ತಾನೇ ಏಲದಲ್ಲಿ ಕೊಂಡು ಮನೆಗೆ ಹೊತ್ತೊಯ್ಯುವವರನ್ನೂ ಕಂಡೆ. ದೇವರಿಗೂ ಕೊಟ್ಟಂತಾಯಿತು, ಸಾರಿಗೂ ಆಯಿತು. ದೊಡ್ಡಪ್ಪ ತನ್ನ ಮಂದೆಯ ಮುಖ್ಯ ಟಗರನ್ನೇ ತಂದಿದ್ದ. ಅದರ ಕೊರಳಲ್ಲಿ ಚೆಂಡುಹೂವು. ಕೈಯಲ್ಲಿ ಚೊಂಬು. ಆ ಚೊಂಬು ಯಾವುದೆಂದು ನಮ್ಮಮ್ಮನಿಗೆ ತಕ್ಷಣ ಗೊತ್ತಾಯಿತು. ದಿನಾ ಬಾಗಿಲಲ್ಲಿ ಇಡುತ್ತಿದ್ದದ್ದೇ.

ಒಳಗೆ ಹಾಡು ಮುಗಿದು ಜನ ಹೊರಗೆ ಬಂದರು. ಬೇವಿನ ಮರದ ಕೆಳಗೆ ದೊಡ್ಡವ್ವ ತನ್ನ ಅಣ್ಣಂದಿರ ನಡುವೆ ನಿಂತಿದ್ದಳು. ಕಂಕುಳಲ್ಲಿ ಅದೇ ಗಂಟು. ಸೊರಗಿದ್ದಳು. ಯಾರ ಮುಖವನ್ನೂ ನೋಡಲಿಲ್ಲ. ದೊಡ್ಡಪ್ಪ ಟಗರನ್ನು ಅಂಗಳದ ನಡುವೆ ನಿಲ್ಲಿಸಿ ಚೊಂಬು ಎತ್ತಿದ. ನೀರು ಹಳದಿಯಾಗಿತ್ತು.

ಉಪದೇಶಿ ಕೊಡೆ ಬೀಸಿಕೊಂಡು ಓಡಿ ಬಂದ. "ಯೇಸಡಿಯಾನ್! ಎನ್ನಪ್ಪಾ ಇದು? ಅಜ್ಞಾನಂ! ಸುದ್ದ ಅಜ್ಞಾನಂ! ದೇವರು ಮಾತು ಕೊಟ್ಟ ಮೇಲೆ ಪರೀಕ್ಷೆ ಮಾಡ್ತೀಯಾ?"

ದೊಡ್ಡಪ್ಪ ಕೈಮುಗಿದು ಹೇಳಿದ: "ನೀವೇ ಓದಿದ್ರಲ್ಲಾ ಅಯ್ಯಾ, ಆ ರೈತ ತುಪ್ಪಟ ಆಸಿ ಕೇಳ್ದ ಅಂತ. ದೇವ್ರು ಕ್ವಾಪ ಮಾಡ್ಕಳ್ಲಿಲ್ಲ ಅಂತ. ಅವಂದು ಬರೀ ತುಪ್ಪಟ. ನಂದ್ರಾಗೆ ಕುರೀನೂ ಐತೆ. ಅಷ್ಟೇ ವ್ಯತ್ಯಾಸ."

ಉಪದೇಶಿ ಬೆಂಬಲಕ್ಕೆಂದು ಹಿಂದಿದ್ದ ಜನರ ಕಡೆ ತಿರುಗಿದ. ಅವನ ಸಭೆಯವರೇ, ನಿನ್ನೆ ಮೊನ್ನೆ ಮುಳುಗಿ ಬಂದವರು, ಆಗಲೇ ಸುತ್ತ ಕೈಮುಗಿದು ನಿಂತುಬಿಟ್ಟಿದ್ದರು. ರೂಢಿ ಎಲ್ಲಿ ಹೋಗುತ್ತದೆ? ದೊಡ್ಡಪ್ಪ ಚರ್ಚಿನ ತಮಿಳನ್ನು ಬದಿಗಿಟ್ಟು ನಮ್ಮ ಮಾತಿನಲ್ಲೇ, "ಯೇಸಪ್ಪಾ, ನೀ ಕೊಟ್ಟ ಮಾತು ನಿಜಾನಾ? ಇವ್ಳು ಬತ್ತಾಳಾ?" ಎಂದು ನೀರು ಹುಯ್ದ.

ಟಗರು ನಿಂತೇ ಇತ್ತು. ನೀರು ಇಳಿದು ಹೊಟ್ಟೆಯ ಕೆಳಗೆ ತೊಟ್ಟಿಕ್ಕಿತು. ಅದು ಕತ್ತು ಬಗ್ಗಿಸಿ ಯಾರೋ ದೇವರಿಗೆಂದು ಇಟ್ಟಿದ್ದ ಅವರೆಸೊಪ್ಪಿಗೆ ಬಾಯಿ ಹಾಕಿತು. ದೊಡ್ಡವ್ವನ ಹಿರಿಯಣ್ಣ ಜೋರಾಗಿ ನಕ್ಕ. ನಾನೂ ನಕ್ಕೆ. ದೊಡ್ಡಪ್ಪ ಇನ್ನೊಮ್ಮೆ ಹುಯ್ದ. ಟಗರು ಒಂದು ಕಿವಿ ಆಡಿಸಿ ಸೊಪ್ಪು ಮೆದ್ದಿತು.

"ಆಯ್ತಲ್ಲಾ, ಕಡ್ಡಿ ತಗಳಪ್ಪ" ಎಂದ ಹಿರಿಯಣ್ಣ.

ದೊಡ್ಡಪ್ಪ ಕಡ್ಡಿ ತೆಗೆದುಕೊಳ್ಳಲಿಲ್ಲ. ನಮ್ಮ ಹಟ್ಟಿಯಲ್ಲಿ ಮಾಡುವಂತೆ ಸುತ್ತ ನೋಡಿ, "ಯಾರ ವಟ್ಟೇನಾಗೆ ಏನೈತೆ ಯೋಳ್ರಪ್ಪಾ" ಎಂದ. ಆಮೇಲೆ ಅವನು ದೊಡ್ಡವ್ವನ ಕಡೆ ತಿರುಗಿದ. ಆ ಎರಡು ಸುಗ್ಗಿಯಲ್ಲಿ ದೇವರ ಕಡೆ, ದಾರಿಯ ಕಡೆ, ಉಪದೇಶಿಯ ಕಡೆ ನೋಡಿದ್ದನೇ ಹೊರತು ಅವಳ ಕಡೆ ನೋಡಲು ಅವನಿಗೆ ತೋಚಿರಲೇ ಇಲ್ಲ. ಒಂದು ದಿನ ನಡೆದರೆ ತಲುಪುವ ಊರಿಗೆ ಅವನು ಒಮ್ಮೆಯೂ ಹೋಗಿರಲಿಲ್ಲ. ಹೋದರೆ ದೇವರ ಮಾತಿನ ಮೇಲೆ ನಂಬಿಕೆ ಇಲ್ಲವೆಂದಾಗುತ್ತದೆ ಎಂದುಕೊಂಡಿದ್ದನಂತೆ. ಭಕ್ತಿಯೂ ಮನುಷ್ಯನನ್ನು ಎಷ್ಟು ಪೆದ್ದನನ್ನಾಗಿ ಮಾಡುತ್ತದೆ ನೋಡಿ.

"ಮಾದೀ, ನಿನ್ನ ಒಂದು ಮಾತು ಕೇಳ್ದಂಗೆ ಓಗಿ ಮುಳುಗ್ಬುಟ್ಟೆ" ಎಂದ. "ತಪ್ಪಾಯ್ತು."

ದೊಡ್ಡವ್ವ ಆಗ ತಲೆ ಎತ್ತಿದಳು. "ಒಂದು ಮರಿ ಮಾರಾಕೂ ನನ್ನ ಕೇಳ್ತಿದ್ದೆ" ಎಂದಳು. "ದೇವ್ರನ್ನ ಮಾರಾಕೆ ಕೇಳ್ನಿಲ್ಲ."

ಅಷ್ಟು ಹೇಳಿ, ಗಂಟನ್ನು ಕೆಳಗಿಟ್ಟು, ಅಣ್ಣನ ಕೈ ತಳ್ಳಿ, ನಡೆದು ಬಂದು ಅವನ ಕೈಯಿಂದ ಚೊಂಬು ಕಿತ್ತುಕೊಂಡಳು. ತಳದಲ್ಲಿ ಸ್ವಲ್ಪ ನೀರಿತ್ತು. ಕಣ್ಣು ಮುಚ್ಚಿ ಬಾಯೊಳಗೇ ಏನೋ ಕೇಳಿಕೊಂಡು ಅದನ್ನು ಟಗರಿನ ಬೆನ್ನ ಮೇಲೆ ಸುರಿದಳು.

ಟಗರು ಸೊಪ್ಪು ಬಿಟ್ಟು ತಲೆ ಎತ್ತಿತು. ಕೊಂಬಿನಿಂದ ಬಾಲದವರೆಗೆ ಎಂಥ ಕೊಡವು ಕೊಡವಿತೆಂದರೆ ಉಪದೇಶಿಯ ಬಿಳಿ ಕೋಟಿನ ತುಂಬ ಅರಿಶಿನದ ಚುಕ್ಕೆ. ನನ್ನ ತುಟಿಯ ಮೇಲೂ ಒಂದು ಹನಿ ಬಿತ್ತು. "ಒಪ್ತು! ಒಪ್ತು!" ಎಂದು ಕ್ರಿಸ್ತನವರೂ ನಮ್ಮವರೂ ಒಂದೇ ದನಿಯಲ್ಲಿ ಕೂಗಿದರು. ದೊಡ್ಡಪ್ಪ ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತ. "ಮಾತು ಉಳಿಸ್ಕಂಡ. ನನ್ನಪ್ಪ ಮಾತು ಉಳಿಸ್ಕಂಡ" ಎಂದು ಅದನ್ನೇ ಅಂದ. ಟಗರು ಕೊಡವಿದ ಮೇಲೆ ಅಣ್ಣಂದಿರಿಗೂ ಬಾಯಿಲ್ಲ. ದೇವರು ಒಪ್ಪಿದ ಮೇಲೆ ಎದುರಾಡಿದರೆ ಅವರ ಮಂದೆ ಉಳಿಯಬೇಕಲ್ಲ. ಹುಲ್ಲುಕಡ್ಡಿಯನ್ನು ಬಿಸಾಡಿ ಹೊರಟುಹೋದರು. ದೊಡ್ಡವ್ವ ನಿಂತಲ್ಲೇ ಸ್ವಲ್ಪ ಹೊತ್ತು ದೊಡ್ಡಪ್ಪನನ್ನು ನೋಡಿದಳು. ಆಮೇಲೆ ಗಂಟು ಎತ್ತಿಕೊಂಡು, "ಏಳು, ಓಗಾನ" ಎಂದಳು.

ಟಗರನ್ನು ಏಲಕ್ಕೆ ಕೂಗಿದರೆ ಯಾರೂ ಸವಾಲು ಹಾಕಲಿಲ್ಲ. ದೇವರು ಮೈಮೇಲೆ ಬಂದ ಟಗರನ್ನು ಕೊಯ್ದು ತಿನ್ನಲು ಆ ಹೊಸ ಕ್ರಿಸ್ತನವರಿಗೆ ಧೈರ್ಯ ಎಲ್ಲಿತ್ತು? ಅದು ನಮ್ಮ ಜೊತೆಗೇ ಊರಿಗೆ ನಡೆದು ಬಂದು, ಮುದಿಯಾಗಿ, ಹಲ್ಲುದುರಿ ಸತ್ತಿತು. ಉಪದೇಶಿ ಮಾತ್ರ ಈ ಸಂಗತಿಯನ್ನು ಸುತ್ತಮುತ್ತಲ ಊರುಗಳಲ್ಲೆಲ್ಲ ಸಾಕ್ಷಿ ಎಂದು ಹೇಳಿಕೊಂಡು ತಿರುಗಿದ. ಒಮ್ಮೆ ಸಂತೆಯಲ್ಲಿ ನಾನೇ ಕೇಳಿಸಿಕೊಂಡೆ. ಅವನ ಕತೆಯಲ್ಲಿ ಪ್ರಾರ್ಥನೆ ಇತ್ತು, ವಿಶ್ವಾಸ ಇತ್ತು, ಕಣ್ಣೀರಿತ್ತು. ಟಗರೇ ಇರಲಿಲ್ಲ.

ಆ ಮೇಲೆ ಮಗ್ಗ ಮತ್ತೆ ಆಡಿತು. ದೊಡ್ಡವ್ವ ನೂತಳು, ದೊಡ್ಡಪ್ಪ ನೇಯ್ದ. ಮನೆಯೊಳಗೆ ಬೀರಪ್ಪನ ಗೂಡು ಅವಳದು, ಗೋಡೆಯ ಶಿಲುಬೆ ಅವನದು. ಭಾನುವಾರ ಬೆಳಕು ಹರಿಯುವ ಮುಂಚೆ ಇ‌ಬ್ಬರೂ ಒಟ್ಟಿಗೆ ಚರ್ಚಿಗೆ ನಡೆಯುತ್ತಿದ್ದರು. ಅವಳು ಒಂದು ದಿನವೂ ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ಅವನು ಬಿಟ್ಟ ಚಪ್ಪಲಿಯನ್ನು ಎತ್ತಿಕೊಂಡು, ಬೇವಿನ ಮರದ ಕೆಳಗೆ ಮಡಿಲಲ್ಲಿ ಇಟ್ಟುಕೊಂಡು ತಕಲಿ ತಿರುಗಿಸುತ್ತ ಕೂರುತ್ತಿದ್ದಳು. ನಾಯಿ ಕಚ್ಚಿಕೊಂಡು ಹೋಗುತ್ತದೆ ಎನ್ನುವುದು ನೆಪ. "ಮನೆಯವರೂ ಉಳಿಯುತ್ತಾರೆ ಅಂತ ದೇವರು ಕೊಟ್ಟ ಮಾತು ಬೇವಿನ ಮರದವರೆಗೆ ಬಂದು ನಿಂತಿದೆ" ಎಂದು ನಾನು ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದೆ. ಮದುವೆ ಮನೆಗಳಲ್ಲಿ ಈ ಇಡೀ ಕತೆಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಏನೋ. ಟಗರು ಕಿವಿ ಆಡಿಸುವುದನ್ನು ಮಾಡಿ ತೋರಿಸುತ್ತಿದ್ದೆ. ಕೋಟಿನ ಅರಿಶಿನದ ಹತ್ತಿರ ಬರುವ ಹೊತ್ತಿಗೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಂದು ಭಾಗ ಮಾತ್ರ ಯಾವ ಮದುವೆ ಮನೆಯಲ್ಲೂ ಹೇಳಿಲ್ಲ. ಅದರಲ್ಲಿ ನಗುವುದಕ್ಕೆ ಏನೂ ಸಿಕ್ಕುವುದಿಲ್ಲ.

ಎಷ್ಟೋ ವರ್ಷದ ಮೇಲೆ ದೊಡ್ಡಪ್ಪ ತೀರಿಕೊಂಡ. ಕೊನೆಯವರೆಗೂ, ದೇವರು ಒಮ್ಮೆ ಮಾತು ಕೊಟ್ಟರೆ ತಪ್ಪುವುದಿಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ ಎನ್ನುತ್ತಿದ್ದನಂತೆ. ನಾನು ಕೋಲಾರದ ಕಡೆಯಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು. ದೊಡ್ಡವ್ವ ಜಗಲಿಯ ಮೇಲೆ ನೂಲುತ್ತ ಕೂತಿದ್ದಳು. ಒಳಗಿನಿಂದ ಒಂದು ಕಂಬಳಿ ತಂದು ನನ್ನ ತೊಡೆಯ ಮೇಲೆ ಹಾಕಿದಳು. ಅವಳು ತವರಿನಿಂದ ಬಂದ ಮೇಲೆ ನೂತ ಮೊದಲ ನೂಲಿನದು, ಅವನು ಮಾರದೆ ಇಟ್ಟುಕೊಂಡದ್ದು. ನನಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ತಿಳಿಯದಿದ್ದಾಗ ನಾನು ಕೀಟಲೆ ಮಾಡುತ್ತೇನೆ.

"ದೊಡ್ಡವ್ವಾ, ಈಗ್ಲಾದ್ರೂ ಯೋಳು. ಅವತ್ತು ಬಾಯೊಳ್ಗೆ ಏನ್ ಕೇಳ್ಕಂಡೆ? ಈ ಮನ್ಸನ ತಾವ ಓಗ್ಲಾ ಅಂತ ತಾನೆ?"

ದೊಡ್ಡವ್ವ ತಕಲಿ ನಿಲ್ಲಿಸಲಿಲ್ಲ. "ಇಲ್ಲ ಕಣೇ" ಎಂದಳು. "ಬೀರಪ್ಪಾ, ಈ ಮನ್ಸನ್ನ ಬಿಟ್ಬುಡ್ಲಾ ಅಂತ ಕೇಳ್ದೆ."

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. "ಅಯ್ಯೋ, ಟಗರು ಕೊಡವ್ತಲ್ಲಾ!"

"ಊಂ. ಬಿಡು ಅಂತಲೇ ಅಂದ ಬೀರಪ್ಪ."

"ಮತ್ಯಾಕೆ ಬಿಡ್ನಿಲ್ಲ?"

ಎಳೆ ಕಡಿಯಿತು. ಅವಳು ಅದನ್ನು ಎಂಜಲು ಹಚ್ಚಿ ಹೊಸೆದು ಮತ್ತೆ ಸೇರಿಸಿದಳು. "ಕೊಡವಿದ್ದೇ ತಡ, ಆ ಮನ್ಸ ಅಂಗೆ ಕೂತು ಅತ್ಬುಟ್ನಲ್ಲಾ. ಅವನ ಮಖ ನೋಡ್ದೆ. ಅವನ ದೇವ್ರು ಮಾತು ತಪ್ಪಿದ ಅಂತ ನನ್ನಿಂದ ಯಾಕಾಗ್ಬೇಕು ಅನ್ನಿಸ್ತು. ಗಂಟು ಎತ್ಕಂಡೆ."

"ದೊಡ್ಡಪ್ಪಂಗೆ ಯೋಳ್ನಿಲ್ವಾ?"

"ಯೋಳಿ?"

"ಬೀರಪ್ಪ ಕ್ವಾಪ ಮಾಡ್ಕಳ್ಳಲ್ವಾ?"

"ಬೀರಪ್ಪ ನಮ್ಮೋನಲ್ವಾ. ಅವನಿಗೆ ತಿಳಿತೈತೆ" ಎಂದಳು ದೊಡ್ಡವ್ವ.

ಇದನ್ನು ನಾನು ಎಷ್ಟೋ ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡು ಸಿಟ್ಟಾಗಿದ್ದೇನೆ. ಯಾರ ಮೇಲೆ ಎಂದು ಕೇಳಬೇಡಿ. ಜೀವನವೆಲ್ಲ ದೊಡ್ಡವ್ವ ಮಾತು ಉಳಿಸಿದಳು, ಹೆಸರು ಪರಲೋಕದಲ್ಲಿ ಕೂತವನಿಗೆ ಬಂತು. ಇದು ಮೋಸವಲ್ಲದೆ ಮತ್ತೇನು? ಇಷ್ಟು ಹೇಳಿ ನಾನು ಸುಮ್ಮನಿರಬಹುದಿತ್ತು. ಆದರೆ ನಿನ್ನೆ ರಾತ್ರಿ ಆ ವಾಸನೆಯ ಜೊತೆ ಮಲಗಿದಾಗ ಒಂದು ಬೇಡದ ಯೋಚನೆ ಬಂತು. ಅಷ್ಟು ದೊಡ್ಡ ಮಾತು ಕೊಟ್ಟವನು ಅದನ್ನು ಉಳಿಸಿಕೊಳ್ಳಬೇಕಾದರೆ ಇನ್ನು ಯಾರ ಕೈಯಿಂದ ಉಳಿಸಿಕೊಳ್ಳಬೇಕಿತ್ತು? ಟಗರಿನ ಕೈಲಾಗಲಿಲ್ಲ, ಉಪದೇಶಿಯ ಕೈಲಾಗಲಿಲ್ಲ. ಕೈ ಇದ್ದವಳು ಅವಳೊಬ್ಬಳೇ. ಈ ಯೋಚನೆ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಇನ್ನೊಂದು ಮಗ್ಗುಲಿಗೆ ಹೊರಳಿದೆ, ಅಲ್ಲಿಯೂ ಇತ್ತು.

ಬೆಳಿಗ್ಗೆ ಎದ್ದು ಅರೆ ಒಣಗಿದ ಕಂಬಳಿಯನ್ನು ಹಿತ್ತಲಿಗೆ ತಂದು, ಎರಡು ತುದಿ ಹಿಡಿದು ಜೋರಾಗಿ ಕೊಡವಿದೆ. ಉಳಿದಿದ್ದ ನೀರು ಗೋಡೆ ದಾಟಿ ಹಾರಿತು. ಆಚೆ ಪಾತ್ರೆ ತೊಳೆಯುತ್ತಿದ್ದ ರೂತಮ್ಮ ಬೆಚ್ಚಿ ಮುಖ ಒರೆಸಿಕೊಂಡಳು.

"ಭಾನುವಾರ ಹೋಗಿ ಬಾ" ಎಂದೆ. "ನಾನು ಅವನ ಹತ್ತಿರ ಕೂತಿರ್ತೀನಿ."

ರೂತಮ್ಮ ಬೂದಿ ಮೆತ್ತಿದ ಎರಡೂ ಕೈಯನ್ನು ಎತ್ತಿ ಆಕಾಶ ನೋಡಿದಳು. "ನೋಡಿದ್ರಾ ಅಕ್ಕಾ! ಕೈಬಿಡೋಲ್ಲ ಅಂದಿದ್ರು, ಬಿಡಲಿಲ್ಲ ಕರ್ತರು!"

ನನಗೆ ಮೈಯೆಲ್ಲ ಉರಿದುಹೋಯಿತು. ಮೊಣಕಾಲು ನೋವಿನಲ್ಲಿ ಹೋಗಿ ಕೂರುವವಳು ನಾನು, ಹೆಸರು ಅವನಿಗೆ! ಬಾಯಿಗೆ ಬಂದ ಮಾತು ಬಹಳ ಚೆನ್ನಾಗಿಯೂ ಇತ್ತು. ಸೊಸೆಗೂ ಹಾಲಿನವಳಿಗೂ ಹೇಳಬಹುದಾದಂಥದ್ದು. ಅಂದುಬಿಡುವುದಕ್ಕೆ ಬಾಯಿ ತೆರೆದು, ರೂತಮ್ಮನ ಮುಖ ನೋಡಿದೆ.

"ಗಂಜಿ ಎಷ್ಟು ಹೊತ್ತಿಗೆ ಕುಡಿಸಬೇಕು?" ಎಂದು ಕೇಳಿದೆ.